ಚಂಚಲ ಮಕ್ಕಳು ಮತ್ತು ಅವಧಾನ: ಸಹಜೋಪಾಯಗಳ ಒಂದು ಪರಿಶೀಲನೆ

(ಅಂತಿಮ ಬಿ.ಎ. ತರಗತಿ)

ಮನಸ್ಸನ್ನು ಕೋತಿಗೆ ಹೋಲಿಸುವುದು ನಮ್ಮವರಲ್ಲಿ ಬಹುಕಾಲದಿಂದ ಬಂದ ರೂಢಿ. ಶರಣರು ಈ ಹೋಲಿಕೆಯನ್ನು ಬಳಸಿದರು. ಹಳ್ಳಿಯ ಅಜ್ಜಿಯರು ಇಂದಿಗೂ ಬಳಸುತ್ತಾರೆ. ಒಂದು ಕೊಂಬೆಯಲ್ಲಿ ನಿಲ್ಲದೆ ಇನ್ನೊಂದಕ್ಕೆ ಹಾರುವುದು ಮನುಷ್ಯಮಾತ್ರರ ಮನಸ್ಸಿನ ಸ್ವಭಾವವೆಂಬುದನ್ನು ಈ ಹೋಲಿಕೆಯು ಒಪ್ಪಿಕೊಳ್ಳುತ್ತದೆ. ಆದರೆ ಈ ಚಾಂಚಲ್ಯವು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಕೆಲವು ಮಕ್ಕಳಲ್ಲಿ ಅದು ವಯಸ್ಸಿಗೆ ಮೀರಿ ಬೆಳೆದು, ಓದಿಗೂ ಸ್ನೇಹಕ್ಕೂ ಮನೆಯ ನೆಮ್ಮದಿಗೂ ಅಡ್ಡಿಯಾಗಿ ನಿಲ್ಲುತ್ತದೆ. ಇಂತಹ ಸ್ಥಿತಿಯನ್ನು ಇಂದಿನ ವೈದ್ಯಶಾಸ್ತ್ರವು 'ಅವಧಾನ ನ್ಯೂನತೆ ಮತ್ತು ಅತಿಚಟುವಟಿಕೆಯ ತೊಂದರೆ' ಎಂದು ಕರೆಯುತ್ತದೆ. ಎ.ಡಿ.ಎಚ್.ಡಿ. ಎಂಬ ಸಂಕ್ಷೇಪದಿಂದ ಅದು ಎಲ್ಲೆಡೆ ಪ್ರಸಿದ್ಧವಾಗಿದೆ.

ಈ ತೊಂದರೆಗೆ ಔಷಧಿಗಳುಂಟು. ಆದರೆ ಮಗುವಿಗೆ ಔಷಧಿ ಕೊಡಲು ತಂದೆತಾಯಿಗಳ ಮನಸ್ಸು ಹಿಂಜರಿಯುವುದು ಸ್ವಾಭಾವಿಕ. ಆದುದರಿಂದ ಆಹಾರ, ನಿದ್ರೆ, ಆಟ, ಬಯಲು, ಗಿಡಮೂಲಿಕೆ, ಒಳ್ಳೆಯ ನಡವಳಿಕೆಯ ತರಬೇತಿ ಮುಂತಾದ 'ಸಹಜ' ಮಾರ್ಗಗಳನ್ನು ಅನೇಕರು ಹುಡುಕುತ್ತಾರೆ. ಇವುಗಳಲ್ಲಿ ಯಾವುದಕ್ಕೆ ಪರೀಕ್ಷೆಯ ಆಧಾರವುಂಟು, ಯಾವುದು ಬರಿಯ ನಂಬಿಕೆ, ಯಾವುದರಿಂದ ಅಪಾಯವೂ ಸಂಭವಿಸಬಹುದು ಎಂಬುದನ್ನು ವಿಂಗಡಿಸಿ ನೋಡುವುದೇ ಈ ಕಿರುಲೇಖನದ ಉದ್ದೇಶ.

ತೊಂದರೆಯ ಸ್ವರೂಪ

ಅಷ್ಟಾವಧಾನದ ಸಭೆಯನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ಅವಧಾನಿಯು ಪದ್ಯವನ್ನು ಕಟ್ಟುತ್ತಿರುವಾಗ 'ಅಪ್ರಸ್ತುತ ಪ್ರಸಂಗಿ'ಯು ಸಂಬಂಧವಿಲ್ಲದ ಮಾತುಗಳನ್ನು ಎತ್ತಿ ಅವನ ಗಮನವನ್ನು ಕೆಡಿಸಲು ಯತ್ನಿಸುತ್ತಾನೆ. ಅವಧಾನಿಯು ಅದಕ್ಕೂ ತಕ್ಕ ಉತ್ತರ ಕೊಟ್ಟು ತನ್ನ ಪದ್ಯಕ್ಕೆ ಹಿಂತಿರುಗುತ್ತಾನೆ. ಇದು ಹಲವು ವರ್ಷಗಳ ಅಭ್ಯಾಸದ ಫಲ. ಈಗ ಒಬ್ಬ ಎಂಟು ವರ್ಷದ ಹುಡುಗನನ್ನು ಕಲ್ಪಿಸಿಕೊಳ್ಳಿ. ಕಿಟಕಿಯಾಚೆಯ ಕಾಗೆ, ಪಕ್ಕದವನ ಪೆನ್ಸಿಲ್, ಬೀದಿಯಲ್ಲಿ ಹೋದ ಟ್ರಾಕ್ಟರ್ ಇವೆಲ್ಲವೂ ಅವನ ಪಾಲಿಗೆ ಅಪ್ರಸ್ತುತ ಪ್ರಸಂಗಿಗಳೇ. ಆದರೆ ಪಾಠಕ್ಕೆ ಹಿಂತಿರುಗುವ ಶಕ್ತಿ ಮಾತ್ರ ಅವನಲ್ಲಿ ಇನ್ನೂ ಬಲಿತಿಲ್ಲ. ಈ ತೊಂದರೆಯ ತಿರುಳು ಇದೇ. ಮಗುವಿಗೆ ಬುದ್ಧಿಯಿಲ್ಲವೆಂದು ಇದರ ಅರ್ಥವಲ್ಲ.

ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಲಕ್ಷಣಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದೆ. ಮೊದಲನೆಯದು ಗಮನದ ಕೊರತೆ: ಕೆಲಸವನ್ನು ಅರ್ಧಕ್ಕೆ ಬಿಡುವುದು, ವಸ್ತುಗಳನ್ನು ಕಳೆಯುವುದು, ಎದುರಿಗೆ ನಿಂತು ಹೇಳಿದರೂ ಕೇಳಿಸಿಕೊಳ್ಳದಂತಿರುವುದು ಇತ್ಯಾದಿ. ಎರಡನೆಯದು ಅತಿಚಟುವಟಿಕೆ ಮತ್ತು ದುಡುಕು: ಕುಳಿತಲ್ಲಿ ಕೂರದಿರುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ಸರದಿಗಾಗಿ ಕಾಯಲಾರದಿರುವುದು ಇತ್ಯಾದಿ. ಒಂದೊಂದು ಗುಂಪಿನಲ್ಲಿಯೂ ಒಂಬತ್ತು ಲಕ್ಷಣಗಳಿವೆ. ಯಾವುದಾದರೊಂದು ಗುಂಪಿನ ಆರು ಲಕ್ಷಣಗಳಾದರೂ ಮಗುವಿನಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಕಾಣಿಸಿಕೊಂಡಿರಬೇಕು. ಅವು ಹನ್ನೆರಡನೆಯ ವಯಸ್ಸಿಗೆ ಮುಂಚೆಯೇ ತೋರಿರಬೇಕು. ಮನೆ, ಶಾಲೆ ಮುಂತಾದ ಎರಡು ಕಡೆಗಳಲ್ಲಾದರೂ ಕಂಡುಬಂದು ಜೀವನಕ್ಕೆ ತೊಡಕುಂಟುಮಾಡುತ್ತಿರಬೇಕು. ಈ ಷರತ್ತುಗಳನ್ನು ನಾವು ಮರೆಯಬಾರದು. ಮನೆಯಲ್ಲಿ ಶಾಂತನಾಗಿದ್ದು ಒಬ್ಬ ಉಪಾಧ್ಯಾಯರ ಪಾಠದಲ್ಲಿ ಮಾತ್ರ ಚಡಪಡಿಸುವ ಹುಡುಗನಿಗೆ ಈ ಹೆಸರು ಸಲ್ಲುವುದಿಲ್ಲ.

ಗದ್ದಲ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಲೆಯಲ್ಲಿ ಕುಳಿತು ಕಿಟಕಿಯನ್ನು ನೋಡುತ್ತಾ ಕನಸು ಕಾಣುವ ಮಗುವಿಗೂ ಇದೇ ತೊಂದರೆಯಿರಬಹುದು. ಅದು ಯಾರಿಗೂ ಕಾಣುವುದಿಲ್ಲ. ಹೆಣ್ಣುಮಕ್ಕಳಲ್ಲಿ ಈ ಎರಡನೆಯ ಬಗೆಯೇ ಹೆಚ್ಚಾಗಿರುವುದರಿಂದ ಅವರು ಬಹುಮಟ್ಟಿಗೆ ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ.

ಚರಿತ್ರೆಯ ಒಂದು ನೋಟ

ಇದು ಇತ್ತೀಚಿನ ಕಾಲದ ಸೃಷ್ಟಿಯೆಂದು ಕೆಲವರು ಹೇಳುವುದುಂಟು. ಹೆಸರು ಹೊಸದು, ನಿಜ, ಸ್ಥಿತಿಯು ಹೊಸದಲ್ಲ. 1798ರಲ್ಲಿಯೇ ಸ್ಕಾಟ್‌ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನವು ನಿಲ್ಲದ ರೋಗಸ್ಥಿತಿಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿದನು. 1840ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್ರಿಶ್ ಹಾಫ್‌ಮನ್ ಮಕ್ಕಳಿಗಾಗಿ ಬರೆದ ಚಿತ್ರಪುಸ್ತಕದಲ್ಲಿ, ಊಟದ ಮೇಜಿನ ಬಳಿ ಕುರ್ಚಿಯನ್ನು ತೂಗಾಡಿಸಿ ಕೊನೆಗೆ ಮೇಜುಬಟ್ಟೆಯನ್ನೂ ತಟ್ಟೆಗಳನ್ನೂ ಎಳೆದುಕೊಂಡು ಬೀಳುವ ಫಿಲಿಪ್ ಎಂಬ ಹುಡುಗನು ಬರುತ್ತಾನೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಯಲ್ಲಿ ಕೊರತೆಯಿಲ್ಲದೆಯೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನು ಕೊಟ್ಟನು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ಬೆಂಜಡ್ರಿನ್ ಎಂಬ ಉತ್ತೇಜಕ ಔಷಧವನ್ನು 30 ಮಕ್ಕಳಿಗೆ ಕೊಟ್ಟಾಗ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪಾಠದಲ್ಲಿ ಆಶ್ಚರ್ಯಕರವಾಗಿ ಮುಂದುವರಿದರು. ಔಷಧಚಿಕಿತ್ಸೆಯ ಆರಂಭ ಅದು. 1968ರಲ್ಲಿ 'ಬಾಲ್ಯದ ಅತಿಚಲನೆ' ಎಂಬರ್ಥದ ಹೆಸರೂ, 1980ರಲ್ಲಿ 'ಅವಧಾನ ನ್ಯೂನತೆ' ಎಂಬ ಹೆಸರೂ, 1987ರಲ್ಲಿ ಈಗಿನ ಹೆಸರೂ ಬಂದವು.

ಕಾರಣಗಳು

ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಮಕ್ಕಳಲ್ಲಿ ಶೇಕಡ 5ಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಈ ತೊಂದರೆಯುಂಟು. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಅವಳಿ ಮಕ್ಕಳ ಅಧ್ಯಯನಗಳಿಂದ, ಇದರಲ್ಲಿ ಅನುವಂಶೀಯತೆಯ ಪಾತ್ರ ಶೇಕಡ 70ರಿಂದ 80ರಷ್ಟೆಂದು ತಿಳಿದುಬಂದಿದೆ. ತಾಯಿತಂದೆಗಳ ಅತಿಮುದ್ದು ಇದಕ್ಕೆ ಕಾರಣವೆಂಬ ಮಾತು ನಿಲ್ಲುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟುವುದು, ಹುಟ್ಟುವಾಗ ತೂಕ ಕಡಿಮೆಯಿರುವುದು, ಸೀಸದ ವಿಷ ದೇಹಕ್ಕೆ ಸೇರುವುದು ಮುಂತಾದವುಗಳಿಗೂ ಇದಕ್ಕೂ ಸಂಬಂಧವಿರುವುದು ಕಂಡುಬಂದಿದೆ.

2007ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಇನ್ನೊಂದು ಶೋಧನೆ ನಮಗೆ ಬಹು ಮುಖ್ಯವಾದುದು. ಬೆಳೆಯುವ ಮಕ್ಕಳ ಮಿದುಳಿನ ಹೊರಪದರವು ಒಂದು ವಯಸ್ಸಿನಲ್ಲಿ ಅತ್ಯಂತ ದಪ್ಪವಾಗಿ, ಅನಂತರ ತೆಳುವಾಗುತ್ತಾ ಪಕ್ವವಾಗುತ್ತದೆ. ಸಾಮಾನ್ಯ ಮಕ್ಕಳಲ್ಲಿ ಈ ಘಟ್ಟವು ಸುಮಾರು ಏಳೂವರೆ ವರ್ಷಕ್ಕೆ ಬಂದರೆ, ಈ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷಕ್ಕೆ ಬಂದಿತು. ಬೆಳವಣಿಗೆಯ ದಾರಿಯು ಒಂದೇ. ನಡಿಗೆ ಮಾತ್ರ ಮೂರು ವರ್ಷ ತಡ. ಹತ್ತು ವರ್ಷದವನಿಂದ ಹತ್ತು ವರ್ಷದವನ ಸಂಯಮವನ್ನು ನಿರೀಕ್ಷಿಸಿ, ಅದು ಬಾರದಿದ್ದಾಗ ಬೆತ್ತವೆತ್ತುವುದು ಎಷ್ಟು ಅನ್ಯಾಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಕೆನಡ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಅಲ್ಲಿ ಶಾಲೆಗೆ ಸೇರಿಸುವ ವಯಸ್ಸಿನ ಗಡಿ ಡಿಸೆಂಬರ್ ಕೊನೆ. ಡಿಸೆಂಬರಿನಲ್ಲಿ ಹುಟ್ಟಿ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಗಂಡುಮಕ್ಕಳಿಗೆ, ಜನವರಿಯಲ್ಲಿ ಹುಟ್ಟಿದವರಿಗಿಂತ ಶೇಕಡ 30ರಷ್ಟು ಹೆಚ್ಚಾಗಿ ಈ ರೋಗದ ಹೆಸರನ್ನು ಅಂಟಿಸಲಾಗಿತ್ತು. ಕೇವಲ ಎಳೆಯತನವನ್ನು ರೋಗವೆಂದು ಎಣಿಸಿದ್ದರೆಂಬುದು ಸ್ಪಷ್ಟ. ನಮ್ಮ ಹಳ್ಳಿಗಳಲ್ಲಂತೂ ಮಗುವನ್ನು ಶಾಲೆಗೆ ಸೇರಿಸುವಾಗ ಜನ್ಮದಿನವನ್ನು ಜೂನ್ 1 ಎಂದು ಬರೆಸುವ ರೂಢಿ ಬಹಳ ಕಾಲ ಇದ್ದಿತು. ರಿಜಿಸ್ಟರಿನ ವಯಸ್ಸೇ ಬೇರೆ, ಮಗುವಿನ ವಯಸ್ಸೇ ಬೇರೆ! ಆದುದರಿಂದ ಚಂಚಲ ಮಗುವನ್ನು ನೋಡಿದಾಗ ಮೊದಲು ಕೇಳತಕ್ಕ ಪ್ರಶ್ನೆಗಳು ಇವು: ಇದರ ನಿಜವಾದ ವಯಸ್ಸೆಷ್ಟು? ಕಣ್ಣು ಚೆನ್ನಾಗಿ ಕಾಣುತ್ತದೆಯೆ? ಕಿವಿ ಕೇಳುತ್ತದೆಯೆ? ರಾತ್ರಿ ನಿದ್ರೆಯುಂಟೆ? ಬೆಳಿಗ್ಗೆ ಏನಾದರೂ ತಿಂದು ಬಂದಿದೆಯೆ?

'ಸಹಜ' ಎಂದರೇನು?

'ಸಹಜ' ಎಂಬ ಮಾತಿಗೆ ಜನರು ಎರಡು ಅರ್ಥಗಳನ್ನು ಬೆರೆಸಿಬಿಟ್ಟಿದ್ದಾರೆ. ಮಗುವಿನ ದಿನಚರಿಯನ್ನೂ ಸುತ್ತಣ ಪರಿಸರವನ್ನೂ ತಿದ್ದುವುದು ಒಂದು. ಕಾರ್ಖಾನೆಯ ಮಾತ್ರೆಯ ಬದಲು ಬೇರುನಾರುಗಳನ್ನು ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಅಪಾಯ ಕಡಿಮೆ, ಫಲವುಂಟು. ಎರಡನೆಯದೂ ಔಷಧಿಯೇ, ಗಿಡದಿಂದ ಬಂದಿತೆಂಬ ಮಾತ್ರಕ್ಕೆ ಅದಕ್ಕೆ ಪರೀಕ್ಷೆಯಿಂದ ವಿನಾಯಿತಿ ಸಲ್ಲದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ನಿದ್ರೆ

ದೊಡ್ಡವರಿಗೆ ನಿದ್ರೆಗೆಟ್ಟರೆ ತೂಕಡಿಕೆ ಬರುತ್ತದೆ. ಮಕ್ಕಳಿಗೆ ನಿದ್ರೆಗೆಟ್ಟರೆ ಅನೇಕ ವೇಳೆ ಚಡಪಡಿಕೆ ಹೆಚ್ಚುತ್ತದೆ, ಹಠ ಹೆಚ್ಚುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. 2015ರಲ್ಲಿ ಆಸ್ಟ್ರೇಲಿಯದಿಂದ ಪ್ರಕಟವಾದ ಪರೀಕ್ಷೆಯಲ್ಲಿ ಈ ತೊಂದರೆಯಿದ್ದು ನಿದ್ರೆಯೂ ಸರಿಯಿಲ್ಲದ 244 ಮಕ್ಕಳನ್ನು ತೆಗೆದುಕೊಂಡರು. ಅರ್ಧದಷ್ಟು ಮಕ್ಕಳ ತಂದೆತಾಯಿಗಳಿಗೆ ನಿದ್ರೆಯ ಶಿಸ್ತನ್ನು ಎರಡು ಭೇಟಿಗಳಲ್ಲಿ ತಿಳಿಸಿಕೊಟ್ಟು, ಅನಂತರ ಫೋನಿನಲ್ಲಿ ವಿಚಾರಿಸಿಕೊಂಡರು. ಇಷ್ಟರಿಂದಲೇ ಆ ಮಕ್ಕಳ ನಿದ್ರೆಯು ಸುಧಾರಿಸಿದ್ದಲ್ಲದೆ, ಚಾಂಚಲ್ಯದ ಲಕ್ಷಣಗಳೂ ಸ್ವಲ್ಪಮಟ್ಟಿಗೆ ತಗ್ಗಿದವು.

ಆ ಶಿಸ್ತು ದುಡ್ಡು ಕೇಳುವಂತಹದಲ್ಲ. ದಿನವೂ ಒಂದೇ ಹೊತ್ತಿಗೆ ಮಲಗಿಸುವುದು, ಮಲಗುವುದಕ್ಕೆ ಒಂದು ಗಂಟೆ ಮುಂಚೆ ಟೆಲಿವಿಷನ್ನನ್ನೂ ಮೊಬೈಲನ್ನೂ ದೂರವಿಡುವುದು, ಸಂಜೆಯ ಮೇಲೆ ಕಾಫಿ ಟೀ ಕೊಡದಿರುವುದು, ದೀಪ ತಗ್ಗಿಸಿ ಒಂದು ಕಥೆ ಹೇಳುವುದು ಇಷ್ಟೇ. ನಮ್ಮ ಅಜ್ಜಿಯರು ಕಥೆ ಹೇಳಿ ಮಲಗಿಸುತ್ತಿದ್ದರು. ಈಗ ಅಜ್ಜಿಯ ಜಾಗದಲ್ಲಿ ಮೊಬೈಲು ಕುಳಿತಿದೆ. ಅದಕ್ಕೆ ಕಥೆ ಮುಗಿಸುವುದು ಗೊತ್ತಿಲ್ಲ.

ಆಟ ಮತ್ತು ಬಯಲು

ಚಂಚಲ ಹುಡುಗನಿಗೆ ಉಪಾಧ್ಯಾಯರು ಕೊಡುವ ಸಾಮಾನ್ಯ ಶಿಕ್ಷೆಯೆಂದರೆ ಆಟದ ಹೊತ್ತಿನಲ್ಲಿ ಒಳಗೆ ಕೂರಿಸುವುದು. ಇದಕ್ಕಿಂತ ವಿಪರೀತವಾದ ಚಿಕಿತ್ಸೆ ಇನ್ನೊಂದಿಲ್ಲ. 2013ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ತೊಂದರೆಯಿರುವ 20 ಮಕ್ಕಳನ್ನೂ ಇಲ್ಲದ 20 ಮಕ್ಕಳನ್ನೂ ಒಂದು ದಿನ 20 ನಿಮಿಷ ಓದುತ್ತಾ ಕೂರಿಸಿದರು. ಇನ್ನೊಂದು ದಿನ 20 ನಿಮಿಷ ಟ್ರೆಡ್‌ಮಿಲ್ ಯಂತ್ರದ ಮೇಲೆ ಬಿರುಸಾಗಿ ನಡೆಸಿದರು. ನಡೆದ ದಿನ ಎರಡು ಗುಂಪಿನವರೂ ಗಮನದ ಪರೀಕ್ಷೆಯಲ್ಲಿ ಹೆಚ್ಚು ಸರಿಯಾದ ಉತ್ತರ ಕೊಟ್ಟರು. ಓದು ಮತ್ತು ಲೆಕ್ಕದಲ್ಲಿಯೂ ಮುಂದಾದರು. ವ್ಯಾಯಾಮವು ಮಿದುಳಿನಲ್ಲಿ ಡೋಪಮಿನ್ ಮುಂತಾದ ರಾಸಾಯನಿಕಗಳ ಕಾರ್ಯವನ್ನು ಹೆಚ್ಚಿಸುತ್ತದೆ. ಉತ್ತೇಜಕ ಔಷಧಿಗಳು ಕೆಲಸ ಮಾಡುವುದೂ ಅದೇ ಹಾದಿಯಲ್ಲಿ. ವ್ಯಾಯಾಮದ ಫಲ ಅಷ್ಟು ದೊಡ್ಡದಲ್ಲ, ಅಷ್ಟು ಹೊತ್ತು ಉಳಿಯುವುದೂ ಇಲ್ಲ. ಆದರೆ ದಿನದಿನವೂ ದೊರೆಯತಕ್ಕದ್ದು.

ಬಯಲಿನ ಹಸುರಿಗೆ ಬೇರೆಯೇ ಒಂದು ಗುಣವಿದ್ದಂತೆ ತೋರುತ್ತದೆ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರ ತನ್ನ ಗ್ರಂಥದಲ್ಲಿ ಅವಧಾನವನ್ನು ಎರಡು ಬಗೆಯಾಗಿ ವಿಂಗಡಿಸಿದನು: ಪ್ರಯತ್ನಪೂರ್ವಕವಾಗಿ ನಿಲ್ಲಿಸುವುದು ಒಂದು, ತಾನಾಗಿಯೇ ನಿಲ್ಲುವುದು ಮತ್ತೊಂದು. ಈ ವಿಂಗಡಣೆಯ ಆಧಾರದಿಂದ ರೇಚಲ್ ಮತ್ತು ಸ್ಟೀಫನ್ ಕಪ್ಲನ್ ದಂಪತಿಗಳು 1989ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಪ್ರಯತ್ನದ ಅವಧಾನವು ಬಳಸಿದಷ್ಟೂ ದಣಿಯುತ್ತದೆ. ಮರ, ನೀರು, ಮೋಡಗಳು ತಾನಾಗಿ ನಿಲ್ಲುವ ಅವಧಾನವನ್ನು ಮೆಲ್ಲನೆ ಸೆಳೆಯುವುದರಿಂದ, ದಣಿದ ಅವಧಾನಕ್ಕೆ ವಿಶ್ರಾಂತಿ ಸಿಗುತ್ತದೆ ಎಂಬುದು ಅದರ ಸಾರ. 2009ರಲ್ಲಿ ಫೇಬರ್ ಟೇಲರ್ ಮತ್ತು ಕುವೊ ಎಂಬ ಇಬ್ಬರು ಸಂಶೋಧಕರು ಇದನ್ನು ಈ ಮಕ್ಕಳಲ್ಲಿಯೇ ಪರೀಕ್ಷಿಸಿದರು. ಏಳರಿಂದ ಹನ್ನೆರಡು ವರ್ಷದ 17 ಮಕ್ಕಳನ್ನು ಬೇರೆ ಬೇರೆ ದಿನಗಳಲ್ಲಿ ಉದ್ಯಾನ, ಪೇಟೆ, ಮನೆಗಳ ಬಡಾವಣೆ ಈ ಮೂರು ಕಡೆಗಳಲ್ಲಿ 20 ನಿಮಿಷ ನಡೆಸಿ, ಅನಂತರ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದರು. ಉದ್ಯಾನದ ನಡಿಗೆಯ ಬಳಿಕ ಮಕ್ಕಳು ಹೆಚ್ಚು ಚೆನ್ನಾಗಿ ಹೇಳಿದರು. ಹದಿನೇಳು ಮಕ್ಕಳು ಸಣ್ಣ ಸಂಖ್ಯೆಯೇ. ಇದರ ಮೇಲೆ ದೊಡ್ಡ ಸೌಧ ಕಟ್ಟಲಾಗದು. ಆದರೂ ಇದನ್ನು ಅನುಸರಿಸುವುದರಿಂದ ನಷ್ಟವೇನೂ ಇಲ್ಲ.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ 60 ನಿಮಿಷಗಳ ಮೈದಣಿಯುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಮರಕೋತಿ ಆಟಗಳಿರುವ ಊರಿನಲ್ಲಿ ಇದಕ್ಕೆ ಯಂತ್ರದ ಅಗತ್ಯವಿಲ್ಲ. ಈ ಆಟಗಳಲ್ಲಿ ಸರದಿ ಕಾಯಬೇಕು, ನಿಯಮ ನೆನಪಿಡಬೇಕು, ಕಣ್ಣಿಟ್ಟು ಗುರಿ ಹೊಡೆಯಬೇಕು. ಚಂಚಲ ಮಗುವಿಗೆ ಬೇಕಾದ ಅಭ್ಯಾಸವೂ ಇದೇ ತಾನೆ! ಯೋಗಾಸನ, ಧ್ಯಾನಗಳ ವಿಷಯವಾಗಿಯೂ ಸಣ್ಣಪುಟ್ಟ ಪರೀಕ್ಷೆಗಳು ನಡೆದಿವೆ. ಫಲ ಆಶಾದಾಯಕವಾಗಿದ್ದರೂ ಇನ್ನೂ ದೃಢಪಟ್ಟಿಲ್ಲ.

ಆಹಾರ

ಆಹಾರದ ವಿಷಯದಲ್ಲಿ ನಂಬಿಕೆಗಳೇ ಹೆಚ್ಚು. ಅವುಗಳಲ್ಲಿ ಮೊದಲನೆಯದು, ಸಕ್ಕರೆಯಿಂದ ಮಕ್ಕಳು ಕುಣಿಯುತ್ತಾರೆಂಬುದು. 1994ರಲ್ಲಿ ಅಮೆರಿಕದ ವೈದ್ಯ ವೋಲ್‌ರೈಕ್ ಮತ್ತು ಸಂಗಡಿಗರು ಮಕ್ಕಳ ಮನೆಗಳ ಆಹಾರವನ್ನೇ ಒಂಬತ್ತು ವಾರ ತಮ್ಮ ಹಿಡಿತಕ್ಕೆ ತೆಗೆದುಕೊಂಡು, ಮೂರು ವಾರ ಸಕ್ಕರೆಯನ್ನೂ ಉಳಿದ ವಾರಗಳಲ್ಲಿ ಬೇರೆ ಸಿಹಿಗಳನ್ನೂ ಕೊಟ್ಟು ನೋಡಿದರು. ನಡವಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ನಡೆದ ಇನ್ನೊಂದು ಪರೀಕ್ಷೆಯು ಮನೋರಂಜಕವೂ ಬೋಧಪ್ರದವೂ ಆಗಿದೆ. ತಮ್ಮ ಮಕ್ಕಳಿಗೆ ಸಕ್ಕರೆ ಆಗದೆಂದು ನಂಬಿದ್ದ ತಾಯಂದಿರಲ್ಲಿ ಕೆಲವರಿಗೆ, "ಈಗ ನಿಮ್ಮ ಮಗನಿಗೆ ಬಹಳ ಸಕ್ಕರೆ ಕೊಟ್ಟಿದ್ದೇವೆ" ಎಂದು ಹೇಳಿದರು. ನಿಜವಾಗಿ ಯಾವ ಮಗುವಿಗೂ ಸಕ್ಕರೆ ಕೊಟ್ಟಿರಲಿಲ್ಲ. ಆದರೂ ಆ ತಾಯಂದಿರು ಮಗನು ಅತಿಯಾಗಿ ಚಡಪಡಿಸುತ್ತಿದ್ದಾನೆಂದು ಬರೆದುಕೊಟ್ಟರು. ಮಗನನ್ನು ಹೆಚ್ಚಾಗಿ ಆಕ್ಷೇಪಿಸಿದರು. ನಾವು ಏನನ್ನು ನಿರೀಕ್ಷಿಸುತ್ತೇವೋ ಅದನ್ನೇ ಮಗುವಿನಲ್ಲಿ ಕಾಣುತ್ತೇವೆ. ಇದು ಸಕ್ಕರೆಗೆ ಮಾತ್ರ ಸಂಬಂಧಿಸಿದ ಪಾಠವಲ್ಲ. 'ಇವನು ಪೋಕರಿ' ಎಂದು ಮೊದಲೇ ತೀರ್ಮಾನಿಸಿ ತರಗತಿಗೆ ಬರುವ ಉಪಾಧ್ಯಾಯರಿಗೂ ಸಂಬಂಧಿಸಿದ್ದು. ಹಲ್ಲಿನ ಮತ್ತು ಮೈಯ ಆರೋಗ್ಯಕ್ಕಾಗಿ ಸಕ್ಕರೆಯನ್ನು ಕಡಿಮೆ ಮಾಡುವುದು ಒಳ್ಳೆಯದೇ, ಅವಧಾನಕ್ಕಾಗಿ ಅಲ್ಲ.

ಕೃತಕ ಬಣ್ಣಗಳ ಕಥೆ ಇದಕ್ಕಿಂತ ಭಿನ್ನ. 1970ರ ದಶಕದಲ್ಲಿ ಸಾನ್‌ಫ್ರಾನ್ಸಿಸ್ಕೊ ನಗರದ ವೈದ್ಯ ಬೆಂಜಮಿನ್ ಫೀನ್‌ಗೋಲ್ಡ್ ಬಣ್ಣ ಮತ್ತು ಕೃತಕ ರುಚಿಗಳೇ ಅತಿಚಟುವಟಿಕೆಗೆ ಕಾರಣವೆಂದು ಸಾರಿದನು. ಅವನ ಮಾತು ಅತಿಯಾಯಿತೆಂದು ಅನಂತರದ ಪರೀಕ್ಷೆಗಳು ತೋರಿಸಿದವು. ಆದರೆ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದವರು ಮೂರು ವರ್ಷದ 153 ಮತ್ತು ಎಂಟು ಒಂಬತ್ತು ವರ್ಷದ 144 ಸಾಮಾನ್ಯ ಮಕ್ಕಳಿಗೆ ಕೆಲವು ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕೊಟ್ಟಾಗ, ಚಟುವಟಿಕೆಯು ಸ್ವಲ್ಪ ಹೆಚ್ಚಾಯಿತು. ಇದರ ಪರಿಣಾಮವಾಗಿ ಯೂರೋಪಿನ ಒಕ್ಕೂಟದಲ್ಲಿ 2010ರಿಂದ ಟಾರ್ಟ್ರಜಿನ್, ಸನ್‌ಸೆಟ್ ಎಲ್ಲೋ ಮುಂತಾದ ಆರು ಬಣ್ಣಗಳಿರುವ ತಿಂಡಿಗಳ ಮೇಲೆ ಎಚ್ಚರಿಕೆಯ ಮಾತು ಅಚ್ಚಾಗಬೇಕೆಂಬ ನಿಯಮ ಬಂದಿತು. ನಮ್ಮ ಕರ್ನಾಟಕ ಸರ್ಕಾರವು 2024ರ ಮಾರ್ಚಿಯಲ್ಲಿ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಅದಕ್ಕೆ ಕಾರಣ ರೋಡಮಿನ್-ಬಿ ಮುಂತಾದ ವಿಷಬಣ್ಣಗಳು, ಅವಧಾನದ ಪ್ರಶ್ನೆಯಲ್ಲ. ಆದರೂ ಜಾತ್ರೆಯ ಬಣ್ಣದ ತಿಂಡಿಯಿಂದ ಮಕ್ಕಳನ್ನು ದೂರವಿಡಲು ಇದೂ ಒಂದು ಕಾರಣವಾಗಲಿ.

ಮೀನೆಣ್ಣೆಯ ಒಮೆಗಾ-3 ಕೊಬ್ಬಿನ ಬಗ್ಗೆ ಬಹಳ ಪ್ರಚಾರವಿದೆ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಲವು ಅತ್ಯಲ್ಪ ಅಥವಾ ಇಲ್ಲವೇ ಇಲ್ಲವೆಂಬಂತಿದೆ. ಬಡ ತಂದೆಯು ಸಾಲ ಮಾಡಿ ಕೊಳ್ಳಬೇಕಾದ ವಸ್ತು ಅದಲ್ಲ.

ನಮ್ಮ ದೇಶಕ್ಕೆ ನಿಜವಾಗಿ ಸಂಬಂಧಿಸಿದ್ದು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇಕಡ 67 ಮಂದಿಗೆ ರಕ್ತಹೀನತೆ ಇದ್ದಿತು. ಡೋಪಮಿನ್ ತಯಾರಾಗಲು ಕಬ್ಬಿಣಾಂಶ ಬೇಕು; ಅದರ ಕೊರತೆಯಿರುವ ಮಗು ಗಮನವಿಡಲಾರದು. ಇದು ಎಲ್ಲ ಮಕ್ಕಳ ಚಾಂಚಲ್ಯಕ್ಕೂ ಕಾರಣವಲ್ಲ. ಆದರೆ ಒಂದು ರಕ್ತಪರೀಕ್ಷೆಯಿಂದ ತಿಳಿಯುವ, ಸುಲಭವಾಗಿ ನೀಗುವ ಕಾರಣ. ಸೊಪ್ಪು, ಕಾಳು, ಮೊಟ್ಟೆ, ಮಾಂಸ. ಸೊಪ್ಪಿನೊಡನೆ ಒಂದಿಷ್ಟು ನಿಂಬೆಹುಳಿ. ಊಟದೊಡನೆ ಟೀ ಬೇಡ. ಇವು ನಮ್ಮ ಮನೆಗಳಿಗೆ ನಿಲುಕುವ ಮಾತುಗಳು. ಮಾತ್ರೆಯನ್ನು ಮಾತ್ರ ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು; ಕಬ್ಬಿಣಾಂಶ ಅತಿಯಾದರೂ ವಿಷ.

ಗಿಡಮೂಲಿಕೆ

ಬುದ್ಧಿ ಚುರುಕಾಗಲೆಂದು ಮಕ್ಕಳಿಗೆ ಒಂದೆಲಗದ ತಂಬುಳಿ ಉಣಿಸುವುದು ನಮ್ಮ ಮಲೆನಾಡು, ಕರಾವಳಿಗಳಲ್ಲಿ ರೂಢಿಯಲ್ಲಿದೆ. ಒಂದೆಲಗವನ್ನು ನಾವು ಬ್ರಾಹ್ಮಿಯೆಂದೂ ಕರೆಯುತ್ತೇವೆ. ಸಂಶೋಧಕರು ಹೆಚ್ಚಾಗಿ ಪರೀಕ್ಷಿಸಿರುವ ಬ್ರಾಹ್ಮಿ ಬೇರೊಂದು ಗಿಡ, ಅದು ನೀರುಬ್ರಾಹ್ಮಿ. ಎರಡಕ್ಕೂ ಒಂದೇ ಹೆಸರಿರುವುದರಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವುದು ಸಾಮಾನ್ಯವಾಗಿದೆ. 2022ರಲ್ಲಿ ಆಸ್ಟ್ರೇಲಿಯದಿಂದ ಪ್ರಕಟವಾದ ಪರೀಕ್ಷೆಯಲ್ಲಿ ಹದಿನಾಲ್ಕು ವಾರ ನೀರುಬ್ರಾಹ್ಮಿಯ ಸಾರ ಸೇವಿಸಿದ ಹುಡುಗರ ಚಾಂಚಲ್ಯವು ಹುಸಿಮದ್ದು ಸೇವಿಸಿದವರಿಗಿಂತ ಹೆಚ್ಚು ತಗ್ಗಲಿಲ್ಲ. ಪಶ್ಚಿಮದೇಶಗಳಲ್ಲಿ ಪ್ರಸಿದ್ಧವಾದ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು 54 ಮಕ್ಕಳಲ್ಲಿ ಪರೀಕ್ಷಿಸಿದಾಗಲೂ 2008ರಲ್ಲಿ ಇದೇ ಫಲಿತಾಂಶ ಬಂದಿತು.

ಅಪಾಯವೂ ಇಲ್ಲದಿಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳಲ್ಲಿ ಒಂದಾದರೂ ಇದ್ದಿತು. ಸೀಸವೇ ಅವಧಾನವನ್ನು ಕೆಡಿಸುವ ವಿಷವೆಂಬುದನ್ನು ಮೇಲೆ ನೋಡಿದೆವು. ಅಡಿಗೆಮನೆಯ ತಂಬುಳಿಯನ್ನು ಸಂತೋಷವಾಗಿ ಉಣ್ಣೋಣ. ಚೀಟಿಯಿಲ್ಲದ ಡಬ್ಬಿಯ ಪುಡಿಯನ್ನು ಮಗುವಿನ ಬಾಯಿಗೆ ಹಾಕುವ ಮುಂಚೆ ಹತ್ತು ಸಲ ಯೋಚಿಸೋಣ.

ಮನೆ ಮತ್ತು ಶಾಲೆ

ಔಷಧಿಯಲ್ಲದ ಉಪಾಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಧಾರವಿರುವುದು ದೊಡ್ಡವರ ನಡವಳಿಕೆಯನ್ನು ತಿದ್ದುವ ತರಬೇತಿಗೆ. ಮಗುವನ್ನು ತಿದ್ದಬೇಕಾದರೆ ಮೊದಲು ನಾವು ತಿದ್ದಿಕೊಳ್ಳಬೇಕೆಂಬುದು ಅದರ ತತ್ತ್ವ. ಅದರ ಮುಖ್ಯ ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು:

1. ಒಂದು ಸಲಕ್ಕೆ ಒಂದೇ ಮಾತು ಹೇಳತಕ್ಕದ್ದು. "ಕೈಕಾಲು ತೊಳ್ಕೊಂಡು, ಯೂನಿಫಾರ್ಮ್ ಬಿಚ್ಚಿಟ್ಟು, ಹಾಲು ಕುಡ್ದು ಓದ್ಕೋ" ಎಂದರೆ ನಾಲ್ಕರಲ್ಲಿ ಮೂರು ಗಾಳಿಗೆ ಹೋಗುತ್ತವೆ.

2. ಒಳ್ಳೆಯದನ್ನು ಕಂಡೊಡನೆ ಹೊಗಳತಕ್ಕದ್ದು. ಈ ಮಕ್ಕಳಿಗೆ ನಾಳೆಯ ಬಹುಮಾನ ಬಹು ದೂರ. ವರ್ಷದ ಕೊನೆಯ ಸೈಕಲ್ಲಿಗಿಂತ ಇಂದಿನ ಒಂದು "ಶಹಬ್ಬಾಸ್" ಮೇಲು.

3. ದೊಡ್ಡ ಕೆಲಸವನ್ನು ತುಂಡುಮಾಡಿ ಕೊಡತಕ್ಕದ್ದು. ಹತ್ತು ಲೆಕ್ಕಗಳ ಬದಲು ಎರಡೆರಡರಂತೆ ಐದು ಸಲ.

4. ಮಗುವನ್ನು ಮುಂದಿನ ಸಾಲಿನಲ್ಲಿ, ಕಿಟಕಿ ಬಾಗಿಲುಗಳಿಂದ ದೂರದಲ್ಲಿ ಕೂರಿಸತಕ್ಕದ್ದು. ಇದು ಶಿಕ್ಷೆಯೆಂದು ಅದಕ್ಕೆ ತೋರಬಾರದು.

5. ನಡುನಡುವೆ ಎದ್ದು ಓಡಾಡುವ ಗೌರವದ ಕೆಲಸ ಕೊಡತಕ್ಕದ್ದು: ಸೀಮೆಸುಣ್ಣ ತರುವುದು, ಹಾಜರಿ ಪುಸ್ತಕ ಮುಟ್ಟಿಸುವುದು, ಗಂಟೆ ಬಾರಿಸುವುದು.

6. ದಿನಕ್ಕೆ ಎರಡು ಮೂರು ಗುರಿಗಳನ್ನು ಮಾತ್ರ ಬರೆದು, ಸಂಜೆ ಉಪಾಧ್ಯಾಯರು ಗುರುತು ಹಾಕಿ, ಆ ಚೀಟಿಯನ್ನು ಮನೆಗೆ ಕಳುಹಿಸತಕ್ಕದ್ದು. ಓದಲು ಬಾರದ ತಾಯಿಯೂ ಅರ್ಥಮಾಡಿಕೊಳ್ಳುವಂತೆ ಚುಕ್ಕೆ ಅಥವಾ ನಕ್ಷತ್ರ ಇಟ್ಟರೆ ಸಾಕು.

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಔಷಧಿಗಿಂತ ಮುಂಚೆ ಈ ಬಗೆಯ ತರಬೇತಿಯನ್ನೇ ತಂದೆತಾಯಿಗಳಿಗೆ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು 2019ರಲ್ಲಿ ಸಲಹೆ ಮಾಡಿದೆ.

ಔಷಧಿಯ ಸ್ಥಾನ

ಹಾಗಾದರೆ ಸಹಜೋಪಾಯಗಳೇ ಸಾಕೆ? 1999ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಎಚ್ಚರಿಕೆಯಿಂದ ಅಳೆದ ಔಷಧಿ, ಒಂದಕ್ಕೆ ನಡವಳಿಕೆಯ ತರಬೇತಿ, ಒಂದಕ್ಕೆ ಎರಡೂ, ಉಳಿದುದಕ್ಕೆ ಊರಿನ ಸಾಮಾನ್ಯ ಚಿಕಿತ್ಸೆ ಹೀಗೆ 14 ತಿಂಗಳು ನಡೆಸಿದರು. ಮುಖ್ಯ ಲಕ್ಷಣಗಳು ತಗ್ಗುವುದರಲ್ಲಿ ಔಷಧಿಯು ಬರಿಯ ತರಬೇತಿಗಿಂತ ಮೇಲಾಯಿತು. ಎರಡನ್ನೂ ಪಡೆದವರಿಗೆ ಔಷಧಿಯ ಪ್ರಮಾಣ ಕಡಿಮೆ ಸಾಕಾಯಿತು. ಆದರೆ 2007ರಲ್ಲಿ ಪ್ರಕಟವಾದ ಮೂರು ವರ್ಷಗಳ ಅನಂತರದ ವರದಿಯಲ್ಲಿ ಗುಂಪುಗಳ ನಡುವಣ ವ್ಯತ್ಯಾಸ ಅಳಿಸಿಹೋಗಿತ್ತು. ಔಷಧಿಯಿಂದ ಹಸಿವು ಕುಗ್ಗುವುದು, ನಿದ್ರೆ ತಡವಾಗುವುದು, ಎತ್ತರದ ಬೆಳವಣಿಗೆ ಸ್ವಲ್ಪ ಕುಂಠಿತವಾಗುವುದು ಇವೂ ಉಂಟು.

ಇದರಿಂದ ತಿಳಿಯುವುದೇನು? ತೊಂದರೆ ತೀವ್ರವಾಗಿರುವ ಮಗುವಿಗೆ ಔಷಧಿಯನ್ನು ನಿರಾಕರಿಸುವುದು ತಪ್ಪು. ಔಷಧಿ ಕೊಟ್ಟು ಕೈತೊಳೆದುಕೊಳ್ಳುವುದೂ ತಪ್ಪು. ಸಹಜೋಪಾಯಗಳು ವೈದ್ಯನ ಎದುರಾಳಿಗಳಲ್ಲ, ಸಹಾಯಕರು. ನಿರ್ಧಾರವನ್ನು ಮಾತ್ರ ಮಗುವನ್ನು ಕಣ್ಣಾರೆ ನೋಡಿದ ವೈದ್ಯರೇ ಮಾಡತಕ್ಕದ್ದು.

ನಮ್ಮ ನಾಡಿನಲ್ಲಿ

ಈ ವಿಷಯವನ್ನು ನಾನು ಆರಿಸಿಕೊಳ್ಳಲು ಒಂದು ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನಗಿಂತ ಮೊದಲು ಹತ್ತಬಹುದಾಗಿದ್ದವನು ನನ್ನ ಸೋದರತ್ತೆಯ ಮಗ. ಕೆಟ್ಟ ರೇಡಿಯೊವನ್ನು ಬಿಚ್ಚಿ ಜೋಡಿಸುತ್ತಿದ್ದ ಅವನಿಗೆ ಶಾಲೆಯಲ್ಲಿ ಮಾತ್ರ ಕುಳಿತಿರಲಾಗುತ್ತಿರಲಿಲ್ಲ. ವರ್ಷದ ಬಹುಭಾಗವನ್ನು ತರಗತಿಯ ಹೊರಗೆ ನಿಂತೇ ಕಳೆದನು. ಮನೆಯವರು ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು. ಕೊನೆಗೆ ಮೇಷ್ಟರೊಬ್ಬರು, "ಇವನ ತಲೇಲಿ ಏನೂ ನಿಲ್ಲೋದಿಲ್ಲ ಕಣಮ್ಮ, ಸುಮ್ನೆ ಯಾಕೆ ಕಳಿಸ್ತೀಯ?" ಎಂದರು. ಅತ್ತೆ ಆ ಮಾತನ್ನು ನಂಬಿದರು, ಓದಿದವರ ಮಾತಲ್ಲವೆ? ಏಳನೆಯ ತರಗತಿಗೆ ಅವನ ಓದು ನಿಂತಿತು. ಅವನಿಗೆ ಈ ತೊಂದರೆಯೇ ಇದ್ದಿತೆಂದು ನಿರ್ಣಯಿಸುವ ಅಧಿಕಾರ ನನಗಿಲ್ಲ. ಇದ್ದಿತೋ ಇಲ್ಲವೋ ಎಂದು ಕೇಳುವವರೇ ಇರಲಿಲ್ಲವಲ್ಲ ಎಂಬುದೇ ನನ್ನ ವ್ಯಥೆ. ಉಳ್ಳವರ ಮನೆಯ ಚಂಚಲ ಮಗುವಿಗೆ ಎರಡನೆಯ, ಮೂರನೆಯ ಅವಕಾಶಗಳಿರುತ್ತವೆ. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಇರುವುದು ಒಂದೇ.

ಇಂದು ಕೇಳುವವರು ಇಲ್ಲದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳನ್ನು ವೈದ್ಯರ ತಂಡ ಪರೀಕ್ಷಿಸುತ್ತದೆ. ಗಮನಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಳ್ಳಿಯಿಂದಲೇ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ವಿಚಾರಿಸಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕೊರತೆಗಳೂ ಇವೆ: ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಪಟ್ಟಿಮಾಡಿ, ಅದರಲ್ಲಿ ಕಲಿಕೆಯ ನ್ಯೂನತೆಯನ್ನು ಸೇರಿಸಿದ್ದರೂ, ಈ ತೊಂದರೆಯನ್ನು ಹೆಸರಿಸಿಲ್ಲ.

ಉಪಸಂಹಾರ

ಮೇಲಿನ ವಿಚಾರಗಳ ಸಾರಾಂಶವಿಷ್ಟು: ನಿದ್ರೆ, ಆಟ, ಬಯಲು, ರಕ್ತಪುಷ್ಟಿ, ದೊಡ್ಡವರ ತಾಳ್ಮೆಯ ನಡವಳಿಕೆ ಇವು ಫಲಕೊಡುವ ಸಹಜೋಪಾಯಗಳು, ಇವುಗಳಿಗೆ ಹಣ ಹೆಚ್ಚು ಬೇಡ, ದಿನನಿತ್ಯದ ಛಲ ಬೇಕು. ಸಕ್ಕರೆಯ ಭಯ ನಿರಾಧಾರ. ಬಣ್ಣಗಳ ಭಯಕ್ಕೆ ಸ್ವಲ್ಪ ಆಧಾರವುಂಟು. ಮೀನೆಣ್ಣೆ, ಮೂಲಿಕೆಗಳ ಮೇಲಣ ಭರವಸೆ ಪರೀಕ್ಷೆಯಲ್ಲಿ ನಿಂತಿಲ್ಲ. ತೀವ್ರವಾದ ತೊಂದರೆಗೆ ವೈದ್ಯರ ನೆರವು ಅನಿವಾರ್ಯ.

ನಮ್ಮಲ್ಲಿ ಅನೇಕರು ನಾಳೆ ಬಿ.ಎಡ್. ಮುಗಿಸಿ ಉಪಾಧ್ಯಾಯರಾಗತಕ್ಕವರು. ಲೆಕ್ಕದ ಪ್ರಕಾರ ನಮ್ಮ ಒಂದೊಂದು ತರಗತಿಯಲ್ಲಿಯೂ ಇಂತಹ ಒಬ್ಬಿಬ್ಬರು ಕುಳಿತಿರುತ್ತಾರೆ, ಅಥವಾ ಕುಳಿತಿರಲಾರದೆ ಎದ್ದುನಿಂತಿರುತ್ತಾರೆ. ಅವರನ್ನು ಬಾಗಿಲಿನ ಹೊರಗೆ ನಿಲ್ಲಿಸುವುದೋ, ಗಂಟೆ ಬಾರಿಸಲು ಕಳುಹಿಸುವುದೋ ಎಂಬುದು ಒಂದು ಕ್ಷಣದ ನಿರ್ಧಾರ. ಮಗುವಿನ ಪಾಲಿಗೆ ಅದು ಇಡೀ ಬಾಳಿನ ಪ್ರಶ್ನೆ.